ದೂರದ ಊರಿನಲ್ಲಿ ಮಕ್ಕಳ ಯೋಗಕ್ಷೇಮ

ಕಾಗದ ಬರೆಯುವ ಪದ್ಧತಿ ರೂಢಿಯಲ್ಲಿದ್ದ ಕಾಲದಲ್ಲಿ ನಮ್ಮ ಮನೆಗಳ ಪತ್ರಗಳೆಲ್ಲ ಹೆಚ್ಚು ಕಡಿಮೆ ಒಂದೇ ವಾಕ್ಯದಿಂದ ಮೊದಲಾಗುತ್ತಿದ್ದವು. ನಾವೆಲ್ಲರೂ ಇಲ್ಲಿ ಕ್ಷೇಮ, ನಿಮ್ಮ ಕ್ಷೇಮ ಸಮಾಚಾರಕ್ಕೆ ಬರೆಯುವುದು. ಇಂದು ಕಾಗದದ ಸ್ಥಾನವನ್ನು ಮೊಬೈಲ್ ಫೋನು ಪಡೆದುಕೊಂಡಿದೆ, ವಾಕ್ಯವೂ ಚಿಕ್ಕದಾಗಿದೆ. ಗದಗ, ಹಾವೇರಿ, ಬಾಗಲಕೋಟೆಗಳ ಕಡೆಯ ತಾಯಿ ‘ಆರಾಮ ಅದೀಯೇನ ಯವ್ವಾ?’ ಎಂದು ಕೇಳುತ್ತಾಳೆ. ದೂರದ ಊರಿನ ಹಾಸ್ಟೆಲಿನಿಂದ ಮಗಳು ‘ಆರಾಮ ಅದೀನಿ’ ಎನ್ನುತ್ತಾಳೆ. ಆ ಒಂದು ಪದದ ಹಿಂದೆ ನಿಜವಾದ ನೆಮ್ಮದಿ ಇದೆಯೋ, ಹೇಳಿಕೊಳ್ಳಲಾಗದ ಸಂಕಟವಿದೆಯೋ ಎಂಬುದನ್ನು ಆ ತಾಯಿ ತಿಳಿಯುವ ಬಗೆ ಹೇಗೆ? ತನ್ನ ಕ್ಷೇಮವನ್ನು ತಾನೇ ಕಾಯ್ದುಕೊಳ್ಳುವ ವಿದ್ಯೆಯನ್ನು ಆ ಮಗಳಿಗೆ ಯಾರಾದರೂ ಕಲಿಸಿದ್ದಾರೆಯೇ? ಈ ತಿಂಗಳ ಚಿಂತನೆಗೆ ಈ ಎರಡು ಪ್ರಶ್ನೆಗಳನ್ನು ಎತ್ತಿಕೊಳ್ಳೋಣ.

ಹಂಪನಕಟ್ಟೆಗೆ ಬಂದಿಳಿಯುವ ಮಕ್ಕಳು

ಮಂಗಳೂರಿನ ಹಂಪನಕಟ್ಟೆಯಲ್ಲಿ ಬೆಳಗಿನ ಒಂಬತ್ತು ಗಂಟೆಗೆ ನಿಂತು ನೋಡಿದವರಿಗೆ ಈ ಪ್ರಶ್ನೆಗಳ ಮಹತ್ವ ತಾನಾಗಿಯೇ ಮನವರಿಕೆಯಾಗುತ್ತದೆ. ಹೆಗಲಿಗೆ ಚೀಲ ಏರಿಸಿಕೊಂಡ ತರುಣ ತರುಣಿಯರ ಪ್ರವಾಹವೇ ಅಲ್ಲಿ ಹರಿಯುತ್ತಿರುತ್ತದೆ. 1868ರಲ್ಲಿ ಆರಂಭಗೊಂಡು ಸರ್ಕಾರಿ ಕಾಲೇಜೆಂದು ನಾಡಿಗೆಲ್ಲ ಹೆಸರಾಗಿ, ಅನಂತರ ಮಂಗಳೂರು ವಿಶ್ವವಿದ್ಯಾನಿಲಯದ ಘಟಕವಾದ ವಿಶ್ವವಿದ್ಯಾನಿಲಯ ಕಾಲೇಜು ಇರುವುದು ಅಲ್ಲಿಯೇ. ಮಿಲಾಗ್ರಿಸ್ ವಿದ್ಯಾಸಂಸ್ಥೆಗಳು ಅದರ ಸಮೀಪದಲ್ಲಿವೆ. ಗುಡ್ಡದ ಕಡೆಯ ರಸ್ತೆ ಹಿಡಿದರೆ 1880ರಲ್ಲಿ ಸ್ಥಾಪಿತವಾದ ಸಂತ ಅಲೋಶಿಯಸ್ ವಿದ್ಯಾಸಂಸ್ಥೆ ಸಿಗುತ್ತದೆ. ಜಿಲ್ಲೆಯ ದೊಡ್ಡ ಸರ್ಕಾರಿ ಆಸ್ಪತ್ರೆಯಾದ ವೆನ್ಲಾಕ್, ರೈಲು ನಿಲ್ದಾಣ ಎಲ್ಲವೂ ಕೂಗಳತೆಯ ದೂರದಲ್ಲಿಯೇ ಇವೆ.

ಹಂಪನಕಟ್ಟೆ ಎಂಬ ಹೆಸರಿನ ಹಿಂದೆ ಊರಿನವರು ಹೇಳುವ ಒಂದು ಐತಿಹ್ಯವಿದೆ. ಹಿಂದೆ ಅಪ್ಪಣ್ಣ ಎಂಬ ಸಜ್ಜನರು ಅಲ್ಲಿ ದಣಿದು ಬಂದ ದಾರಿಹೋಕರಿಗೆ ಕುಡಿಯುವ ನೀರು ಕೊಡುತ್ತಿದ್ದರಂತೆ. ಅವರ ಕಟ್ಟೆಯೇ ಕಾಲಾಂತರದಲ್ಲಿ ಹಂಪನಕಟ್ಟೆಯಾಯಿತಂತೆ. ಈಚಿನ ವರ್ಷಗಳಲ್ಲಿ ರಸ್ತೆಯ ಕಾಮಗಾರಿ ನಡೆದಾಗ ಆ ಜಾಗದಲ್ಲಿ ಮುಚ್ಚಿಹೋಗಿದ್ದ ಹಳೆಯ ಬಾವಿಯೊಂದು ಬೆಳಕಿಗೆ ಬಂದಿತು. ದಾಸೋಹವನ್ನು ಧರ್ಮದ ಜೀವಾಳವೆಂದು ನಂಬಿದ ನಮಗೆ ಈ ಐತಿಹ್ಯ ಪ್ರಿಯವಾಗುವುದು ಸಹಜ. ಇಂದು ಅಲ್ಲಿಗೆ ಬಂದಿಳಿಯುವ ದೂರದ ಊರಿನ ಮಕ್ಕಳ ಬಾಯಾರಿಕೆ ಮಾತ್ರ ನೀರಿನಿಂದ ತಣಿಯುವಂಥದ್ದಲ್ಲ.

ಕರಾವಳಿಯ ಕಾಲೇಜುಗಳ ಕೀರ್ತಿಯನ್ನು ಕೇಳಿ ಮೇಲ್ಸೀಮೆಯ ಅನೇಕ ಶರಣ ಕುಟುಂಬಗಳು ಮಕ್ಕಳನ್ನು ಅಲ್ಲಿಗೆ ಕಳುಹಿಸುತ್ತಿವೆ. ರೋಣ ತಾಲ್ಲೂಕಿನ ಒಂದು ಹಳ್ಳಿಯ ರೈತ ದಂಪತಿಗಳ ಮಗಳು ಹೀಗೆ ಬಂದಿದ್ದಾಳೆಂದು ಭಾವಿಸೋಣ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ತನ್ನ ಶಾಲೆಗೆ ಮೊದಲಿಗಳಾಗಿ, ಈಗ ಬಿ.ಎಸ್‌ಸಿ. ಮೊದಲ ವರ್ಷಕ್ಕೆ ಸೇರಿದ್ದಾಳೆ. ಸುತ್ತಲೂ ತುಳು, ಕೊಂಕಣಿ, ಬ್ಯಾರಿ ಭಾಷೆಗಳ ಮಾತು. ಪಾಠವೆಲ್ಲ ಇಂಗ್ಲಿಷಿನಲ್ಲಿ. ಜೋಳದ ರೊಟ್ಟಿಗೆ ಬದಲು ಕುಚ್ಚಲಕ್ಕಿಯ ಅನ್ನ. ಒಣಹಾಕಿದ ಬಟ್ಟೆ ಮೂರು ದಿನವಾದರೂ ಒಣಗದಂಥ ಆಷಾಢದ ಮಳೆ. ಮೊದಲ ಆಂತರಿಕ ಪರೀಕ್ಷೆಯಲ್ಲಿ ರಸಾಯನಶಾಸ್ತ್ರಕ್ಕೆ 20ಕ್ಕೆ 6 ಅಂಕ ಬರುತ್ತವೆ. ಅಂದು ರಾತ್ರಿ ಮನೆಯಿಂದ ಕರೆ ಬಂದಾಗಲೂ ಅವಳು ಹೇಳುವುದು ಅದೇ ಮಾತು: ‘ಆರಾಮ ಅದೀನಿ’.

ಇದು ಕ್ಷುಲ್ಲಕ ಸಂಗತಿಯೆಂದು ಹಿರಿಯರಿಗೆ ತೋರಬಹುದು. ಆದರೆ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಟಿಸಿದ ಅಂಕಿಗಳನ್ನು ನೋಡಿದರೆ ಎದೆ ನಡುಗುತ್ತದೆ. 2022ನೆಯ ಒಂದೇ ವರ್ಷದಲ್ಲಿ ನಮ್ಮ ದೇಶದಲ್ಲಿ 13,044 ವಿದ್ಯಾರ್ಥಿಗಳು ತಮ್ಮ ಜೀವವನ್ನು ತಾವೇ ಕಳೆದುಕೊಂಡರು. ಸರಾಸರಿ ಲೆಕ್ಕದಲ್ಲಿ ಇದು ದಿನಕ್ಕೆ 35ಕ್ಕೂ ಹೆಚ್ಚು. ಇಂಥ ದುರಂತಗಳಿಗೆ ಯಾವುದೋ ಒಂದೇ ಕಾರಣವಿರುವುದಿಲ್ಲ. ಕಾಯಿಲೆ, ಸಾಲ, ಅವಮಾನ, ಒಂಟಿತನ, ಮನೆಯ ಕಲಹ ಮೊದಲಾದವು ಹೆಣೆದುಕೊಂಡಿರುತ್ತವೆ. ಆದುದರಿಂದ ಯಾವುದೇ ಒಂದು ಉಪಾಯದಿಂದ ಎಲ್ಲವನ್ನೂ ತಡೆಯಬಹುದೆಂದು ಹೇಳಲಾಗದು. ಹಾಗಿದ್ದರೂ ಕಷ್ಟ ಎದುರಾದಾಗ ಮನಸ್ಸನ್ನು ಹೇಗೆ ನಡೆಸಿಕೊಳ್ಳಬೇಕೆಂಬ ಪಾಠವನ್ನು ಮಕ್ಕಳಿಗೆ ಹೇಳಿಕೊಡದೆ ಅವರನ್ನು ದೂರದ ಊರಿಗೆ ಕಳುಹಿಸುವುದು ಈಜು ಕಲಿಸದೆ ಹೊಳೆ ದಾಟಿಸಿದಂತೆ.

ಕಲಿತು ಬರುವ ಸಾಮರ್ಥ್ಯ

‘ನಮ್ಮ ಹುಡುಗನ ಮನಸ್ಸು ಗಟ್ಟಿ’, ‘ಅವಳದು ಮೊದಲಿನಿಂದಲೂ ಅಳುಬುರುಕ ಸ್ವಭಾವ’ ಎಂದು ನಾವು ಸಲೀಸಾಗಿ ಹೇಳಿಬಿಡುತ್ತೇವೆ. ಮನೋಧೈರ್ಯವೆಂಬುದು ಹುಟ್ಟಿನಿಂದಲೇ ಬರುವ ಗುಣ, ಇದ್ದವರಿಗೆ ಇದೆ, ಇಲ್ಲದವರಿಗೆ ಇಲ್ಲ ಎಂಬ ಭಾವನೆ ಈ ಮಾತುಗಳ ಹಿಂದೆ ಅಡಗಿದೆ. ಸ್ವಭಾವದಲ್ಲಿ ವ್ಯತ್ಯಾಸಗಳಿರುವುದು ನಿಜ. ಆದರೆ ತನ್ನ ಆಲೋಚನೆಗಳನ್ನು ತಾನೇ ಗಮನಿಸಿ, ತಿದ್ದಿ, ನಡೆಸಿಕೊಳ್ಳುವ ಶಕ್ತಿ ಬಹುಮಟ್ಟಿಗೆ ಕಲಿಕೆಯಿಂದ ಬರುವಂಥದ್ದೆಂದು ಮನೋವಿಜ್ಞಾನಿಗಳು ಹೇಳುತ್ತಾರೆ. ಇದನ್ನು ಸ್ವನಿರ್ವಹಣೆಯ ಚಿಂತನ ಕೌಶಲವೆಂದು ಕರೆಯಬಹುದು.

ಮೈಕೆಲ್ ರೋಸೆನ್‌ಬಾಮ್ ಎಂಬ ಮನೋವಿಜ್ಞಾನಿ 1980ರಲ್ಲಿ ಈ ಕೌಶಲವನ್ನು ಅಳೆಯಲು 36 ಹೇಳಿಕೆಗಳ ಒಂದು ಪ್ರಶ್ನಾವಳಿಯನ್ನು ರಚಿಸಿದರು. ಅದರಲ್ಲಿ ಅವರು ನಾಲ್ಕು ಅಂಶಗಳನ್ನು ಪರಿಗಣಿಸಿದರು. ಭಾವೋದ್ವೇಗ ಉಂಟಾದಾಗ ಒಳಮಾತಿನಿಂದ ಅದನ್ನು ಹತೋಟಿಗೆ ತರುವುದು ಮೊದಲನೆಯದು. ಸಮಸ್ಯೆಯನ್ನು ಬಿಡಿಸಿ ನೋಡಿ ಯೋಜನೆ ಹಾಕುವುದು ಎರಡನೆಯದು. ತತ್‌ಕ್ಷಣದ ಸುಖವನ್ನು ಮುಂದೂಡುವುದು ಮೂರನೆಯದು. ನನ್ನನ್ನು ನಾನು ನಡೆಸಿಕೊಳ್ಳಬಲ್ಲೆನೆಂಬ ನಂಬಿಕೆ ನಾಲ್ಕನೆಯದು. ಇವೆಲ್ಲವನ್ನೂ ಒಟ್ಟಾಗಿ ಅವರು ಕಲಿತು ಗಳಿಸಿದ ಒಳಸಾಮರ್ಥ್ಯವೆಂಬ ಅರ್ಥದಲ್ಲಿ ವಿವರಿಸಿದರು. ‘ಕಲಿತು ಗಳಿಸಿದ’ ಎಂಬ ಮಾತನ್ನು ಪಾಲಕರು ಗಮನಿಸಬೇಕು.

ಈ ಸಾಮರ್ಥ್ಯಕ್ಕೂ ವಿದ್ಯಾರ್ಥಿಗಳ ಕ್ಷೇಮಕ್ಕೂ ಇರುವ ನಂಟನ್ನು ಅನೇಕರು ಪರಿಶೀಲಿಸಿದ್ದಾರೆ. ಸೆರಾಪ್ ಅಕ್ಗುನ್ ಮತ್ತು ಜೋಸೆಫ್ ಚಿಯಾರೋಚಿ ಎಂಬ ಸಂಶೋಧಕರು ಪದವಿಯ ಮೊದಲ ವರ್ಷದ ವಿದ್ಯಾರ್ಥಿಗಳ ನಡುವೆ ನಡೆಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇಲ್ಲಿ ಉಲ್ಲೇಖನೀಯ. ಈ ಒಳಸಾಮರ್ಥ್ಯ ಕಡಿಮೆಯಿದ್ದವರಲ್ಲಿ ಓದಿನ ಒತ್ತಡ ಹೆಚ್ಚಿದಂತೆ ಅಂಕಗಳು ಇಳಿದಿದ್ದವು. ಅದು ಹೆಚ್ಚಾಗಿದ್ದವರಲ್ಲಿ ಒತ್ತಡವಿದ್ದರೂ ಅಂಕಗಳು ಹಾಗೆ ಕುಸಿದಿರಲಿಲ್ಲ. ಒತ್ತಡವೇ ಇಲ್ಲದ ವಿದ್ಯಾರ್ಥಿ ಜೀವನ ಎಲ್ಲಿಯೂ ಇಲ್ಲ. ಒತ್ತಡದ ಭಾರವನ್ನು ಹೊರುವ ಹೆಗಲು ಹೇಗೆ ಸಿದ್ಧವಾಗಿದೆ ಎಂಬುದು ಮುಖ್ಯ. ಇಂಥ ಅಧ್ಯಯನಗಳು ನಂಟನ್ನು ತೋರಿಸುತ್ತವೆಯೇ ಹೊರತು, ಇದೊಂದಿದ್ದರೆ ಸಾಕು, ಎಲ್ಲವೂ ಸರಿಹೋಗುತ್ತದೆ ಎಂದು ಹೇಳುವುದಿಲ್ಲವೆಂಬುದನ್ನೂ ನೆನಪಿಡಬೇಕು.

ಕ್ಷೇಮವೆಂದರೇನು ಎಂಬುದಕ್ಕೂ ಉತ್ತರ ಬೇಕು. ಹೊಟ್ಟೆತುಂಬ ಊಟ, ಮೈಗೆ ಆರೋಗ್ಯ, ಮುಖದಲ್ಲಿ ನಗು ಇಷ್ಟೇ ಕ್ಷೇಮವಲ್ಲ. ಕ್ಯಾರೊಲ್ ರಿಫ್ ಎಂಬ ವಿದುಷಿ 1989ರಲ್ಲಿ ಮಾನಸಿಕ ಕ್ಷೇಮಕ್ಕೆ ಆರು ಮುಖಗಳನ್ನು ಹೇಳಿದರು: ತನ್ನನ್ನು ತಾನು ಒಪ್ಪಿಕೊಳ್ಳುವುದು, ಇತರರೊಡನೆ ಆತ್ಮೀಯ ಸಂಬಂಧ, ಸ್ವಂತ ವಿವೇಚನೆಯಿಂದ ನಡೆಯುವ ಸ್ವಾತಂತ್ರ್ಯ, ಸುತ್ತಲಿನ ವ್ಯವಹಾರಗಳನ್ನು ನಿಭಾಯಿಸುವ ಶಕ್ತಿ, ಬಾಳಿಗೊಂದು ಗುರಿ, ನಿರಂತರವಾದ ಬೆಳವಣಿಗೆ. ಅಂಕಪಟ್ಟಿ ಈ ಆರರಲ್ಲಿ ಯಾವುದೂ ಅಲ್ಲ ಎಂಬುದನ್ನು ಗಮನಿಸಿದರೆ ನಮ್ಮ ಮನೆಗಳ ಮಾತುಕತೆ ಎತ್ತ ವಾಲಿದೆಯೆಂಬುದು ತಿಳಿದೀತು.

ನಾಲ್ಕು ಅಭ್ಯಾಸಗಳು

ರೋಣದ ಆ ಹುಡುಗಿಯ ಬಳಿಗೇ ಹಿಂದಿರುಗಿ, ಈ ನಾಲ್ಕು ಅಂಶಗಳು ನಿತ್ಯಜೀವನದಲ್ಲಿ ಹೇಗೆ ಕೆಲಸ ಮಾಡುತ್ತವೆ ಎಂಬುದನ್ನು ನೋಡೋಣ.

ಮೊದಲನೆಯದು ಒಳಮಾತು. ‘ರಸಾಯನಶಾಸ್ತ್ರದಲ್ಲಿ 6 ಅಂಕ ಬಂದಿವೆ’ ಎಂಬುದು ನಡೆದ ಸಂಗತಿ. ‘ನಾನು ದಡ್ಡಿ, ಅಪ್ಪನ ದುಡ್ಡು ಹಾಳು ಮಾಡುತ್ತಿದ್ದೇನೆ, ಇನ್ನು ನನ್ನಿಂದ ಏನೂ ಆಗದು’ ಎಂಬುದು ಆ ಸಂಗತಿಯ ಮೇಲೆ ಮನಸ್ಸು ಬರೆದುಕೊಂಡ ತೀರ್ಪು. ಸಂಗತಿ ಒಂದೇ ಸಾಲು, ತೀರ್ಪು ಪುಟಗಟ್ಟಲೆ. ದುಃಖದಲ್ಲಿರುವಾಗ ಇವೆರಡೂ ಒಂದೇ ಎಂಬಂತೆ ತೋರುತ್ತವೆ. ಅರಾನ್ ಬೆಕ್ ಎಂಬ ಅಮೆರಿಕದ ಮನೋವೈದ್ಯರು (1921-2021) ಈ ಎರಡನ್ನು ಬೇರ್ಪಡಿಸಿ ನೋಡುವುದನ್ನು ರೋಗಿಗಳಿಗೆ ಕಲಿಸಿ ಒಂದು ಚಿಕಿತ್ಸಾ ಪದ್ಧತಿಯನ್ನೇ ಬೆಳೆಸಿದರು. ವಿದ್ಯಾರ್ಥಿಗಳು ಇದನ್ನು ಒಂದು ಹಾಳೆಯ ಮೇಲೆ ಮಾಡಬಹುದು. ಎಡಗಡೆ ನಡೆದದ್ದು, ಬಲಗಡೆ ಮನಸ್ಸು ಹೇಳಿದ್ದು. ಬಲಗಡೆಯ ಪ್ರತಿ ಸಾಲಿಗೂ ‘ಇದಕ್ಕೆ ಆಧಾರವೇನು? ನನ್ನ ಗೆಳತಿಗೆ ಹೀಗಾಗಿದ್ದರೆ ನಾನು ಅವಳಿಗೆ ಇದೇ ಮಾತನ್ನು ಹೇಳುತ್ತಿದ್ದೆನೇ?’ ಎಂದು ಕೇಳಿಕೊಳ್ಳಬೇಕು. ಇದು ತನಗೆ ತಾನೇ ಸಿಹಿಮಾತು ಹೇಳಿಕೊಂಡು ಮೋಸಹೋಗುವುದಲ್ಲ. ಆರು ಅಂಕ ಆರೇ ಅಂಕ. ಆದರೆ ಆರು ಅಂಕವೆಂದರೆ ಬಾಳು ಮುಗಿಯಿತೆಂದು ಅರ್ಥವಲ್ಲ.

ಎರಡನೆಯದು ಸಮಸ್ಯೆಯನ್ನು ಬಿಡಿಸುವುದು. ‘ಕೆಮಿಸ್ಟ್ರಿ ಬರುವುದಿಲ್ಲ’ ಎಂಬುದು ಪರಿಹಾರವಿಲ್ಲದ ಮಾತು. ಅದನ್ನು ಬಿಡಿಸಿದರೆ ಪ್ರಶ್ನೆಗಳು ಹುಟ್ಟುತ್ತವೆ. ಪಾಠ ಅರ್ಥವಾಗಲಿಲ್ಲವೇ? ಅರ್ಥವಾದರೂ ಇಂಗ್ಲಿಷಿನಲ್ಲಿ ಬರೆಯಲು ಬರಲಿಲ್ಲವೇ? ವೇಳೆ ಸಾಲಲಿಲ್ಲವೇ? ಭಾಷೆಯೇ ತೊಡಕೆಂದು ಕಂಡುಬಂದರೆ ದಿನಕ್ಕೆ ಹತ್ತು ಪಾರಿಭಾಷಿಕ ಪದಗಳನ್ನು ಕನ್ನಡದ ಅರ್ಥಸಹಿತ ಬರೆದುಕೊಳ್ಳಬಹುದು. ತಿಂಗಳಿಗೆ ಮುನ್ನೂರು ಪದಗಳಾಗುತ್ತವೆ. ವಾರಕ್ಕೊಮ್ಮೆ ಅಧ್ಯಾಪಕರನ್ನು ಕಂಡು ತಿಳಿಯದ ಎರಡು ಅಂಶಗಳನ್ನು ಕೇಳಬಹುದು. ಬೆಟ್ಟದಂತೆ ತೋರಿದ್ದು ಮೆಟ್ಟಿಲುಗಳಾಗುತ್ತದೆ.

ಮೂರನೆಯದು ಕ್ಷಣದ ಸುಖವನ್ನು ಮುಂದೂಡುವುದು. ಮನಸ್ಸಿಗೆ ಬೇಸರವಾದಾಗ ಕೈ ತಾನಾಗಿಯೇ ಮೊಬೈಲಿನ ಕಡೆಗೆ ಹೋಗುತ್ತದೆ. ಅರ್ಧ ಗಂಟೆ ಎಂದುಕೊಂಡದ್ದು ನಡುರಾತ್ರಿಯಾಗುತ್ತದೆ. ನಿದ್ರೆ ಕೆಟ್ಟರೆ ಮರುದಿನದ ಪಾಠವೂ ತಲೆಗೆ ಹತ್ತದು. ಮತ್ತೆ ಬೇಸರ, ಮತ್ತೆ ಮೊಬೈಲು. ಈ ವಿಷಚಕ್ರವನ್ನು ಬರಿಯ ಸಂಕಲ್ಪದಿಂದ ಮುರಿಯುವುದು ಕಷ್ಟ. ವ್ಯವಸ್ಥೆಯಿಂದ ಮುರಿಯುವುದು ಸುಲಭ. ರಾತ್ರಿ ಹತ್ತಕ್ಕೆ ಫೋನನ್ನು ಮಂಚದಿಂದ ದೂರವಿಟ್ಟು, ಐದು ನಿಮಿಷ ಮರುದಿನ ಮಾಡಬೇಕಾದ ಕೆಲಸಗಳನ್ನು ಬರೆದಿಡುವುದು ಒಂದು ಉಪಾಯ. ಅಮೆರಿಕದ ಬೇಲರ್ ವಿಶ್ವವಿದ್ಯಾಲಯದ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ, ಮಲಗುವ ಮುನ್ನ ಹೀಗೆ ಮುಂದಿನ ಕೆಲಸಗಳನ್ನು ಬರೆದ ಯುವಜನರು, ಮುಗಿದ ಕೆಲಸಗಳನ್ನು ಬರೆದವರಿಗಿಂತ ಸರಾಸರಿ ಒಂಬತ್ತು ನಿಮಿಷ ಬೇಗ ನಿದ್ರೆಹೋದರು. ಹಾಳೆಗೆ ಇಳಿದ ಚಿಂತೆಯನ್ನು ತಲೆಯಲ್ಲಿ ಹೊತ್ತು ಮಲಗಬೇಕಾಗಿಲ್ಲ.

ನಾಲ್ಕನೆಯದು ತನ್ನ ಮೇಲಿನ ನಂಬಿಕೆ. ‘ನಿನ್ನಿಂದ ಆಗುತ್ತದೆ’ ಎಂದು ನೂರು ಬಾರಿ ಹೇಳಿದ ಮಾತ್ರಕ್ಕೆ ಇದು ಬರುವುದಿಲ್ಲ. ಆಲ್ಬರ್ಟ್ ಬಂಡೂರ 1977ರಲ್ಲಿ ಪ್ರತಿಪಾದಿಸಿದಂತೆ ಸ್ವಂತ ಕೈಯಿಂದ ಮಾಡಿ ಗೆದ್ದ ಅನುಭವವೇ ಇದರ ಪ್ರಬಲವಾದ ಮೂಲ. ಆದುದರಿಂದ ಗೆಲುವುಗಳು ಚಿಕ್ಕವಾಗಿರಲಿ, ದಿನವೂ ಇರಲಿ. ಇಂದು ಹತ್ತು ಪದಗಳನ್ನು ಕಲಿತೆ, ಇಂದು ಅಧ್ಯಾಪಕರನ್ನು ಅಂಜದೆ ಮಾತನಾಡಿಸಿದೆ ಎಂಬ ಲೆಕ್ಕ ಬೆಳೆದಂತೆ ನಂಬಿಕೆಯೂ ಬೆಳೆಯುತ್ತದೆ. ಮುಂದಿನ ಪರೀಕ್ಷೆಯಲ್ಲಿ ಆ ಹುಡುಗಿಗೆ 20ಕ್ಕೆ 11 ಬಂದರೆ ಊರಿನವರ ಕಣ್ಣಿಗೆ ಅದು ಸಾಧಾರಣ ಅಂಕ. ಅವಳ ಪಾಲಿಗೆ ಅದು ದಾರಿ ಸಿಕ್ಕಿತೆಂಬುದಕ್ಕೆ ಸಾಕ್ಷಿ.

ನಮ್ಮ ಪರಂಪರೆಯ ಬೆಳಕಿನಲ್ಲಿ

ಇವೆಲ್ಲ ಪಾಶ್ಚಾತ್ಯರ ಮಾತುಗಳು, ನಮಗೇಕೆ ಎಂದು ಕೆಲವರು ಕೇಳಬಹುದು. ಲೋಕವನ್ನು ತಿದ್ದಲು ಹೊರಡುವ ಮುನ್ನ ತನ್ನ ಮನಸ್ಸನ್ನು ಸಂತೈಸಿಕೊಳ್ಳಬೇಕೆಂಬುದು ಹನ್ನೆರಡನೆಯ ಶತಮಾನದಲ್ಲಿಯೇ ಶರಣರು ಸಾರಿದ ತತ್ತ್ವ. ಆದರೆ ‘ಎಲ್ಲವೂ ನಮ್ಮಲ್ಲಿಯೇ ಇತ್ತು’ ಎಂದು ಹೆಮ್ಮೆಪಟ್ಟು ಸುಮ್ಮನಾಗುವುದರಿಂದ ಯಾವ ಮಗುವಿಗೂ ಪ್ರಯೋಜನವಿಲ್ಲ. ಪರಂಪರೆಯಲ್ಲಿ ಇರುವುದು ನಮ್ಮ ಮನೆಯಲ್ಲಿ ಬಳಕೆಯಲ್ಲಿದೆಯೇ ಎಂಬುದನ್ನು ಕೇಳಿಕೊಳ್ಳಬೇಕು.

ಇಷ್ಟಲಿಂಗ ಪೂಜೆಯನ್ನೇ ತೆಗೆದುಕೊಳ್ಳೋಣ. ಕರಸ್ಥಲದ ಲಿಂಗದಲ್ಲಿ ದೃಷ್ಟಿಯನ್ನು ನೆಟ್ಟಾಗ ಮನಸ್ಸು ಹರಿದಾಡುವುದು ಸಹಜ. ಹರಿದಾಡಿತೆಂದು ತಿಳಿದೊಡನೆ ಅದನ್ನು ಮರಳಿ ಲಿಂಗದಲ್ಲಿ ನಿಲ್ಲಿಸುವುದು ಸಾಧನೆ. ಮನಸ್ಸು ಎತ್ತ ಹೋಯಿತೆಂಬುದನ್ನು ಕಾಣುವ, ಬೈಯದೆ ಮರಳಿ ಕರೆತರುವ ಈ ಅಭ್ಯಾಸಕ್ಕೂ ಮೇಲೆ ಹೇಳಿದ ಒಳಮಾತಿನ ಅಭ್ಯಾಸಕ್ಕೂ ಹತ್ತಿರದ ಹೋಲಿಕೆ ಇದೆ. ಪೂಜೆಯ ಫಲವನ್ನು ಅಂಕಪಟ್ಟಿಯಲ್ಲಿ ಅಳೆಯಬೇಕೆಂದು ಇದರ ಅರ್ಥವಲ್ಲ. ಪೂಜೆ ಪೂಜೆಗಾಗಿಯೇ. ಆದರೆ ಹಾಸ್ಟೆಲಿನ ಗಲಾಟೆಯ ನಡುವೆ ಬೆಳಗಿನ ಹತ್ತು ನಿಮಿಷ ತನ್ನೊಳಗೆ ತಾನು ಕುಳಿತುಕೊಳ್ಳಬಲ್ಲ ಮಗುವಿಗೆ ದಿನದ ಉಳಿದ ಹೊತ್ತನ್ನು ಎದುರಿಸಲು ಒಂದು ನೆಲೆ ಸಿಗುತ್ತದೆ.

ಆಯ್ದಕ್ಕಿ ಲಕ್ಕಮ್ಮ ಮತ್ತು ಮಾರಯ್ಯನವರ ಕಥೆ ನಮ್ಮ ಮನೆಗಳಲ್ಲಿ ಎಲ್ಲರಿಗೂ ತಿಳಿದದ್ದೇ. ಅಂದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಪತಿ ಆಯ್ದು ತಂದಾಗ ಲಕ್ಕಮ್ಮ ಅದನ್ನು ಹಿಂದಿರುಗಿಸುವಂತೆ ಹೇಳಿದಳು. ಎಷ್ಟು ಸಾಕು ಎಂಬುದನ್ನು ಅರಿಯುವುದೇ ಅಲ್ಲಿಯ ಪಾಠ. ಅನುಭಾವದ ಚರ್ಚೆಯಲ್ಲಿ ಮೈಮರೆತು ಮಾರಯ್ಯ ಕಾಯಕವನ್ನು ಮರೆತಾಗಲೂ ಎಚ್ಚರಿಸಿದವಳು ಅವಳೇ. ನಿಂದಿಸದೆ, ನೆರೆಹೊರೆಯವರೆದುರು ಅವಮಾನಿಸದೆ ಎಚ್ಚರಿಸುವ ಇಂಥ ಒಂದು ಆಪ್ತ ದನಿ ಪ್ರತಿಯೊಬ್ಬ ವಿದ್ಯಾರ್ಥಿಗೂ ಬೇಕು. ತನ್ನನ್ನು ತಾನು ನಡೆಸಿಕೊಳ್ಳುವುದೆಂದರೆ ಒಂಟಿಯಾಗಿ ಎಲ್ಲವನ್ನೂ ಹೊರುವುದೆಂದಲ್ಲ.

ಅನುಭವ ಮಂಟಪದಲ್ಲಿ ಗಂಡು ಹೆಣ್ಣೆನ್ನದೆ, ಮೇಲು ಕೀಳೆನ್ನದೆ ಪ್ರತಿಯೊಬ್ಬರೂ ತಮ್ಮ ಅನುಭವವನ್ನು ತಮ್ಮ ಮಾತಿನಲ್ಲಿ ಹೇಳಿಕೊಳ್ಳುತ್ತಿದ್ದರು. ಇಂದು ನಮ್ಮ ಎಷ್ಟು ಮನೆಗಳಲ್ಲಿ ಮಕ್ಕಳಿಗೆ ಆ ಅವಕಾಶವಿದೆ? ‘ಗಂಡು ಮಗ ಅಳಬಾರದು’, ‘ನುಂಗಿಕೊಂಡು ಇರಬೇಕು’ ಎಂಬ ಬುದ್ಧಿವಾದವೇ ಹೆಚ್ಚು. ಜೇಮ್ಸ್ ಗ್ರಾಸ್ ಮತ್ತು ಆಲಿವರ್ ಜಾನ್ 2003ರಲ್ಲಿ ಪ್ರಕಟಿಸಿದ ಅಧ್ಯಯನಗಳಲ್ಲಿ ಕಂಡುಬಂದದ್ದೇನೆಂದರೆ, ಸನ್ನಿವೇಶವನ್ನು ಬೇರೊಂದು ದೃಷ್ಟಿಯಿಂದ ನೋಡಿ ಭಾವನೆಯನ್ನು ಹದಕ್ಕೆ ತರುವ ರೂಢಿಯುಳ್ಳವರ ಕ್ಷೇಮ ಉತ್ತಮವಾಗಿತ್ತು. ಭಾವನೆಯನ್ನು ಹೊರಗೆ ತೋರದೆ ಅದುಮಿಡುವ ರೂಢಿಯುಳ್ಳವರ ಕ್ಷೇಮ ಕುಂದಿತ್ತು. ಮನಸ್ಸನ್ನು ನಡೆಸುವುದು ಬೇರೆ, ಮನಸ್ಸಿನ ಬಾಯಿ ಮುಚ್ಚಿಸುವುದು ಬೇರೆ.

ಮನೆಯವರ ಪಾಲು

ಈ ಕೌಶಲವನ್ನು ಮಕ್ಕಳು ಕಾಲೇಜಿಗೆ ಹೋದ ಮೇಲೆ ಕಲಿಯಲಿ ಎನ್ನುವುದು ತಡವಾದ ಮಾತು. ಹದಿನೆಂಟು ವರ್ಷ ತಾಯಿಯೇ ಬಟ್ಟೆ ಮಡಚಿಟ್ಟು, ತಂದೆಯೇ ಅರ್ಜಿ ತುಂಬಿ, ಅಣ್ಣನೇ ಬ್ಯಾಂಕಿಗೆ ಹೋಗಿ ಬಂದರೆ, ಆ ಮಗು ಒಂದೇ ರಾತ್ರಿಯ ಬಸ್ ಪ್ರಯಾಣದಲ್ಲಿ ಸ್ವಾವಲಂಬಿಯಾಗುವುದು ಹೇಗೆ? ಪ್ರೌಢಶಾಲೆಯ ದಿನಗಳಿಂದಲೇ ತಿಂಗಳ ಸ್ವಂತ ಖರ್ಚಿನ ಲೆಕ್ಕ, ಓದಿನ ವೇಳಾಪಟ್ಟಿ, ಮನೆಯ ಒಂದು ನಿಶ್ಚಿತ ಕೆಲಸ ಇವನ್ನು ಮಕ್ಕಳ ಕೈಗೇ ಒಪ್ಪಿಸಬೇಕು. ತಪ್ಪಾದರೆ ತಪ್ಪಾಗಲಿ. ಮನೆಯಲ್ಲಿ ಆಗುವ ಚಿಕ್ಕ ತಪ್ಪು ಮುಂದೆ ಆಗಬಹುದಾದ ದೊಡ್ಡ ತಪ್ಪಿಗೆ ಲಸಿಕೆಯಿದ್ದಂತೆ.

ಎರಡನೆಯದಾಗಿ, ಫೋನಿನಲ್ಲಿ ನಾವು ಕೇಳುವ ಮೊದಲ ಪ್ರಶ್ನೆ ಬದಲಾಗಬೇಕು. ‘ಎಷ್ಟು ಬಂತು?’ ಎಂದು ಕೇಳಿದರೆ ಬರುವುದು ಅಂಕಿ ಅಥವಾ ಸುಳ್ಳು. ‘ಆರಾಮ ಅದೀಯೇನ?’ ಎಂದರೆ ಬರುವುದು ‘ಹೂಂ’. ‘ಈ ವಾರ ಯಾವುದು ಭಾಳ ತ್ರಾಸ ಆತು? ಅದಕ್ಕ ನೀ ಏನು ಮಾಡಿದಿ?’ ಎಂದು ಕೇಳಿ ನೋಡಿ. ಕಷ್ಟ ಬರುವುದು ಸಹಜವೆಂದು ಮೊದಲ ಪ್ರಶ್ನೆ ಒಪ್ಪಿಕೊಳ್ಳುತ್ತದೆ. ಅದಕ್ಕೆ ಉಪಾಯ ಹುಡುಕುವ ಶಕ್ತಿ ನಿನ್ನಲ್ಲಿದೆಯೆಂದು ಎರಡನೆಯದು ತಿಳಿಸುತ್ತದೆ. ಉತ್ತರ ಬಂದಾಗ ಒಡನೆಯೇ ಉಪದೇಶಕ್ಕಿಳಿಯದೆ ಎರಡು ನಿಮಿಷ ಕೇಳಿಸಿಕೊಳ್ಳುವುದು ಪಾಲಕರ ಸ್ವನಿರ್ವಹಣೆ.

ಮೂರನೆಯದಾಗಿ, ಸಮಾಜದ ಹೊಣೆಯೂ ಇದೆ. 1916ರಲ್ಲಿ ಬೆಳಗಾವಿಯಲ್ಲಿ ಏಳು ಮಂದಿ ಶಿಕ್ಷಕರು ಕೂಡಿ ಕೆ.ಎಲ್.ಇ. ಸಂಸ್ಥೆಗೆ ಅಡಿಗಲ್ಲಿಟ್ಟರು. ಸಿದ್ಧಗಂಗೆಯ ಡಾ. ಶ್ರೀ ಶಿವಕುಮಾರ ಸ್ವಾಮಿಗಳು (1907-2019) ಜಾತಿಮತಗಳ ಭೇದವಿಲ್ಲದೆ ಸಾವಿರಾರು ಬಡ ಮಕ್ಕಳಿಗೆ ಅನ್ನ, ಆಶ್ರಯ, ಅಕ್ಷರಗಳನ್ನು ನೀಡಿದರು. ಸುತ್ತೂರಿನ ಶ್ರೀ ಶಿವರಾತ್ರಿ ರಾಜೇಂದ್ರ ಸ್ವಾಮಿಗಳು 1954ರಲ್ಲಿ ಜೆ.ಎಸ್.ಎಸ್. ಮಹಾವಿದ್ಯಾಪೀಠವನ್ನು ಸ್ಥಾಪಿಸಿದರು. ಹಸಿವು ಮತ್ತು ಅನಕ್ಷರತೆ ಆ ತಲೆಮಾರಿನ ಮಕ್ಕಳ ಮುಂದಿದ್ದ ಗೋಡೆಗಳು. ಅವನ್ನು ಹಿರಿಯರು ಕೆಡವಿದರು. ಇಂದಿನ ಮಕ್ಕಳಿಗೆ ಒಳಗಿನ ಗೋಡೆಗಳೂ ಇವೆ. ನಮ್ಮ ಪ್ರಸಾದ ನಿಲಯಗಳಲ್ಲಿ ವಾರಕ್ಕೆ ಒಂದು ಗಂಟೆ ಹಿರಿಯ ವಿದ್ಯಾರ್ಥಿಗಳು ಕಿರಿಯರೊಡನೆ ಕುಳಿತು, ಮೊದಲ ವರ್ಷವನ್ನು ತಾವು ಹೇಗೆ ದಾಟಿದೆವೆಂದು ಹೇಳುವ ಏರ್ಪಾಡು ಮಾಡಿದರೆ ಅದಕ್ಕೆ ಖರ್ಚೇನೂ ಇಲ್ಲ. ಮಂಗಳೂರಿನಂಥ ಊರಿನಲ್ಲಿ ನೆಲೆಸಿರುವ ಶರಣ ಕುಟುಂಬಗಳು ತಿಂಗಳಿಗೊಮ್ಮೆ ಇಂಥ ಮಕ್ಕಳನ್ನು ಪ್ರಸಾದಕ್ಕೆ ಕರೆದು, ಒಂದು ರೊಟ್ಟಿ ಬಡಿಸಿ, ನಾಲ್ಕು ಮಾತು ಆಡಿದರೆ ಅದೂ ದಾಸೋಹವೇ.

ಚಿಕಿತ್ಸೆ ಪಡೆಯುವುದು ಸೋಲಲ್ಲ

ಕೊನೆಯದಾಗಿ ಒಂದು ಎಚ್ಚರಿಕೆಯ ಮಾತು ಅವಶ್ಯ. ಸ್ವನಿರ್ವಹಣೆಯ ಕೌಶಲ ದಿನನಿತ್ಯದ ಕಷ್ಟಗಳಿಗೆ ಊರುಗೋಲು. ಕಾಯಿಲೆಗೆ ಅದು ಔಷಧಿಯ ಬದಲಿಯಲ್ಲ. ಎರಡು ವಾರಗಳಿಗೂ ಹೆಚ್ಚು ಕಾಲ ದಿನದ ಬಹುಭಾಗ ಮಂಕಾಗಿರುವುದು, ಊಟ ನಿದ್ರೆಗಳು ಕೆಡುವುದು, ಪ್ರಿಯವಾಗಿದ್ದ ಯಾವುದರಲ್ಲಿಯೂ ಆಸಕ್ತಿ ಇಲ್ಲದಿರುವುದು, ಗೆಳೆಯರಿಂದ ದೂರ ಸರಿಯುವುದು, ‘ನಾನು ಇಲ್ಲದಿದ್ದರೇ ಒಳ್ಳೆಯದು’ ಎಂಬಂಥ ಮಾತು ಬರುವುದು ಇವು ಕಂಡರೆ ತಡಮಾಡದೆ ವೈದ್ಯರನ್ನು ಕಾಣಬೇಕು. ಆ ಕೊನೆಯ ಮಾತು ಕೇಳಿದ ಗಳಿಗೆಯಲ್ಲಿ ಮಗುವನ್ನು ಒಂಟಿಯಾಗಿ ಬಿಡದೆ ಅದೇ ದಿನ ನೆರವನ್ನು ಕೋರಬೇಕು. ಇಂಥ ಮಗುವಿಗೆ ‘ಮನಸ್ಸು ಗಟ್ಟಿ ಮಾಡಿಕೋ’, ‘ನಿನ್ನ ಭಕ್ತಿ ಸಾಲದು, ಇನ್ನಷ್ಟು ಪೂಜೆ ಮಾಡು’ ಎಂದು ಹೇಳುವುದು ಕಾಲು ಮುರಿದವನಿಗೆ ನಡೆಯೆಂದು ಹೇಳಿದಷ್ಟೇ ಕ್ರೂರ. ಜ್ವರ ಬಂದರೆ ಭಕ್ತಿ ಕಡಿಮೆಯಾಯಿತೆಂದು ನಾವು ಹೇಳುವುದಿಲ್ಲವಷ್ಟೆ.

ನೆರವಿಗೆ ದಾರಿಗಳು ಇವೆ. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ ಮಾನಸ್ ಸೇವೆಯ ಸಂಖ್ಯೆ 14416. ಹಗಲಿರುಳೂ ಕನ್ನಡದಲ್ಲಿಯೂ ಉಚಿತವಾಗಿ ಮಾತನಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಇದಕ್ಕೆ ಮಾರ್ಗದರ್ಶಿ. ಜಿಲ್ಲೆಯ ಸರ್ಕಾರಿ ಆಸ್ಪತ್ರೆಗಳಲ್ಲಿ ಮನೋವೈದ್ಯರ ಸೇವೆಯನ್ನು ಪಡೆಯಬಹುದು. ಮಾನಸಿಕ ಚಿಕಿತ್ಸೆಯನ್ನು ಜಿಲ್ಲಾ ಮಟ್ಟಕ್ಕೆ ಒಯ್ಯುವ ಕಾರ್ಯಕ್ರಮ 1996ರಲ್ಲಿ ದೇಶದಲ್ಲಿ ಜಾರಿಗೆ ಬಂದಾಗ ಅದಕ್ಕೆ ಮಾದರಿಯಾದದ್ದು ನಿಮ್ಹಾನ್ಸ್ ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗವೆಂಬುದು ಕನ್ನಡಿಗರು ಅಭಿಮಾನಪಡಬೇಕಾದ ಸಂಗತಿ. 2025ರ ಜುಲೈ 25ರಂದು ಸರ್ವೋಚ್ಚ ನ್ಯಾಯಾಲಯ ನೀಡಿದ ತೀರ್ಪಿನಲ್ಲಿ, ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಪ್ರತಿಯೊಂದು ವಿದ್ಯಾಸಂಸ್ಥೆಯೂ ಅರ್ಹ ಆಪ್ತಸಲಹೆಗಾರರನ್ನು ಹೊಂದಿರಬೇಕೆಂದು ಸೂಚಿಸಿದೆ. ಆದುದರಿಂದ ಪ್ರವೇಶದ ಸಮಯದಲ್ಲಿ ಶುಲ್ಕವೆಷ್ಟು, ಫಲಿತಾಂಶವೆಷ್ಟು ಎಂದು ವಿಚಾರಿಸುವ ಪಾಲಕರು ‘ನಿಮ್ಮಲ್ಲಿ ಆಪ್ತಸಲಹೆಗಾರರು ಯಾರು? ಅವರನ್ನು ಮಕ್ಕಳು ಯಾವಾಗ ಕಾಣಬಹುದು?’ ಎಂದೂ ಕೇಳಬೇಕು. ಕೇಳುವ ಹಕ್ಕು ನಮಗಿದೆ.

ಸಂಗತಿಯನ್ನೂ ತೀರ್ಪನ್ನೂ ಬೇರ್ಪಡಿಸುವುದು, ಕಷ್ಟವನ್ನು ಬಿಡಿಸಿ ನೋಡುವುದು, ಆಸೆಯನ್ನು ಸ್ವಲ್ಪ ಕಾಯಿಸುವುದು, ಚಿಕ್ಕ ಗೆಲುವುಗಳಿಂದ ನಂಬಿಕೆ ಕಟ್ಟಿಕೊಳ್ಳುವುದು, ತನ್ನಿಂದಾಗದಾಗ ನಾಚದೆ ನೆರವು ಕೇಳುವುದು. ದೂರದ ಊರಿಗೆ ಹೊರಟ ಮಕ್ಕಳ ಚೀಲದಲ್ಲಿ ರೊಟ್ಟಿ, ಶೇಂಗಾ ಚಟ್ನಿಗಳ ಜೊತೆಗೆ ಈ ಬುತ್ತಿಯನ್ನೂ ಕಟ್ಟಿ ಕಳುಹಿಸೋಣ. ರೊಟ್ಟಿ ಎಂಟು ದಿನಕ್ಕೆ ಮುಗಿಯುತ್ತದೆ. ಈ ಬುತ್ತಿ ಬಾಳಿನುದ್ದಕ್ಕೂ ಬರುತ್ತದೆ. ಬರುವ ಭಾನುವಾರ ಮಗನಿಗೋ ಮಗಳಿಗೋ ಕರೆ ಮಾಡಿದಾಗ ಅಂಕದ ಮ್ಯಾತು ಎತ್ತುವ ಮೊದಲು ಆ ವಾರದ ತ್ರಾಸಿನ ಬಗ್ಗೆ ಕೇಳಿ. ಕೇಳಿ, ಸ್ವಲ್ಪ ಹೊತ್ತು ಸುಮ್ಮನಿರಿ. ನಮ್ಮ ಎಲ್ಲ ಮಕ್ಕಳ ಯೋಗಕ್ಷೇಮವನ್ನು ಗುರು ಬಸವಣ್ಣನವರ ಕೃಪೆ ಕಾಯಲಿ. ಆ ಕಾಯುವ ಕಾಯಕದಲ್ಲಿ ನಮ್ಮ ಕೈಯೂ ಇರಲಿ.